ಸುಣ್ಣ ಬಳಿದ ಗೋಡೆ

"ಅಯ್ಯೋ ಅಜ್ಜೀ, ಏನ್ ಮಾಡ್ಬುಟ್ಟೆ!"

ಸ್ಕೂಲಿಂದ ಬಂದ ಕುಸುಮ ಬ್ಯಾಗ್ ಇಳಿಸುವುದನ್ನೂ ಮರೆತು ಬಾಗಿಲಲ್ಲೇ ನಿಂತಳು. ಬೆಳಗ್ಗೆ ಹೊಗೆ ಹಿಡಿದು ಕಪ್ಪಗಿದ್ದ ಗೋಡೆಗಳೆಲ್ಲ ಈಗ ಬೆಳ್ಳಗೆ ಫಳಫಳ ಅನ್ನುತ್ತಿದ್ದವು. ರೇಷ್ಮೆಗೂಡು ಬೇಯಿಸುವ ಒಲೆಗೂ ಹೊಸ ಮಣ್ಣು ಮೆತ್ತಿತ್ತು. ಅದರ ಮುಂದೆ ರಂಗೋಲಿ ಬೇರೆ!

"ಆಫೀಸರ್ ಬತ್ತರೆ ಅಂದೋಳು ನೀನೇ ಅಲ್ವೇನೇ? ಮನೆಗ್ ಬಂದೋರ್ಗೆ ಮಸಿ ತೋರ್ಸಾದಾ?" ಎಂದಳು ಅಂಕಮ್ಮಜ್ಜಿ, ಕೈಯ ಸುಣ್ಣ ಒರೆಸಿಕೊಳ್ಳುತ್ತ.

"ಅವ್ರು ನೋಡಕ್ಕೆ ಬರೋದೇ ಮಸೀನ!"

ಕುಸುಮಳಿಗೆ ಅಳು ಬಂತು. ನೂಲು ತೆಗೆಯುವ ಮನೆಗಳಲ್ಲಿ ಹೊಗೆ ಕಡಿಮೆಯಾಗಲಿ ಅಂತ ಸರ್ಕಾರ ಹೊಸ ಒಲೆಗೆ ಸಹಾಯಧನ ಕೊಡುತ್ತಿತ್ತು. ಹೊಗೆ ಜಾಸ್ತಿ ಇದ್ದವರಿಗೆ ಮೊದಲು. ಮೇಷ್ಟ್ರನ್ನು ಕೇಳಿ ಕೇಳಿ ಅರ್ಜಿ ತುಂಬಿದವಳು ಅವಳೇ. ಒಲೆ ಮುಂದೆ ಕೂತು ಕೂತು ಅಜ್ಜಿ ನಾಲ್ಕು ಮಾತಿಗೆ ಎಂಟು ಸಲ ಕೆಮ್ಮುತ್ತಿದ್ದಳು.

ಅಷ್ಟರಲ್ಲಿ ಆಫೀಸರ್ ಗಫಾರ್ ಬಂದೇಬಿಟ್ಟರು. ಫೋನ್ ಹಿಡಿದು ಸುತ್ತಲೂ ನೋಡಿದರು.

"ಹೊಗೆ ಎಲ್ಲಮ್ಮಾ? ಫೋಟೋ ಏನಂತ ತೆಗೀಲಿ? ಒಲೆ ಹಚ್ಚಿ ನೋಡೋಣ."

"ಹಸಿ ಮಣ್ಣು ಸ್ವಾಮಿ, ನಾಳೆಗಂಟ ಹಚ್ಚಂಗಿಲ್ಲ."

"ಲಿಸ್ಟ್ ಇವತ್ತೇ ಕಳಿಸ್ಬೇಕು. ನಿಮ್ಗೆ ಕೆಮ್ಮು ಗಿಮ್ಮು ಐತಾ?"

"ನಂಗಾ? ಗುಂಡುಕಲ್ಲಂಗಿವ್ನಿ!" ಎಂದ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಆಫೀಸರ್ ಹೊರಡಲು ತಿರುಗಿದರು. ಕುಸುಮ ಒಳಗೆ ಓಡಿದಳು. ಟ್ರಂಕಿನ ತಳದಲ್ಲಿ ಯಾರಿಗೂ ಕಾಣದ ಹಾಗೆ ಬಚ್ಚಿಟ್ಟಿದ್ದ ಹೋದ ವರ್ಷದ ನೋಟ್‌ಬುಕ್ ತಂದಳು. ಅದರ ಹಾಳೆಗಳು ಹೊಗೆ ಹಿಡಿದು, ಟೀ ಚೆಲ್ಲಿದ ಹಾಗೆ ಕಂದಾಗಿದ್ದವು.

"ಮೂಸಿ ನೋಡಿ ಸಾರ್."

ಗಫಾರ್ ಮೂಸಿದರು. ಥಟ್ಟನೆ ಮೂಗು ಮುಚ್ಚಿ ಮುಖ ಹಿಂದಕ್ಕೆ ತೆಗೆದರು.

"ಕ್ಲಾಸಲ್ಲೂ ಎಲ್ರೂ ಹಿಂಗೇ ಮೂಗು ಮುಚ್ಕೊಂಡ್ರು ಸಾರ್. ಅದಕ್ಕೇ ಈಗ ಬುಕ್ಕಿಗೆಲ್ಲ ಪೌಡರ್ ಹಾಕ್ತೀನಿ." ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವಾಗ ಕಿವಿಯೆಲ್ಲ ಬಿಸಿಯಾಯಿತು.

"ನಂಗ್ಯಾಕೆ ಹೇಳ್ನಿಲ್ಲ ಮಗಾ?" ಅಜ್ಜಿಯ ಕೈಯಿಂದ ಸೆರಗು ಜಾರಿತು. ತಡೆದಿಟ್ಟಿದ್ದ ಕೆಮ್ಮೆಲ್ಲ ಒಂದೇ ಸಲ ನುಗ್ಗಿತು. ನಿಲ್ಲಲೇ ಇಲ್ಲ. ಅಜ್ಜಿ ಗೋಡೆ ಹಿಡಿದು ಕೂತಳು.

ಗಫಾರ್ ನೋಟ್‌ಬುಕ್ಕಿನ ಫೋಟೋ ತೆಗೆದುಕೊಂಡರು. ಪೆನ್ ತೆಗೆದು ಬರೆದರು. "ಅಂಕಮ್ಮ. ಮೊದಲನೇ ಹೆಸರು ನಿಮ್ದೇ. ಒಲೆ ಬರೋಕೆ ಒಸಿ ದಿನ ಹಿಡೀತದೆ."

ಅವರು ಹೋದ ಮೇಲೆ ಕುಸುಮ ಅಜ್ಜಿಗೆ ನೀರು ತಂದುಕೊಟ್ಟಳು. ಅಜ್ಜಿಯ ಉಗುರಿನ ಸಂದಿಯಲ್ಲೆಲ್ಲ ಸುಣ್ಣ. ಬೆರಳುಗಳು ಒಡೆದಿದ್ದವು. ಬೆಳಗಿನಿಂದ ಒಬ್ಬಳೇ ಬಳಿದಿದ್ದಳು.

ತನ್ನ ಬ್ಯಾಗಿನಲ್ಲಿದ್ದ ಪೌಡರ್ ಡಬ್ಬಿ ಕುಸುಮಳಿಗೆ ನೆನಪಾಯಿತು.

ಅವಳು ಅಜ್ಜಿಗೆ ಒರಗಿ ಕೂತಳು. "ಗೋಡೆ ಚೆನ್ನಾಗೈತೆ ಅಜ್ಜಿ," ಎಂದಳು.

ನಾಳೆ ಒಲೆ ಹಚ್ಚಿದರೆ ಗೋಡೆ ಮತ್ತೆ ಕಪ್ಪಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.