ಕುಂಟು ಎಂಜಿನ್ನಿನ ಗೆರೆ

ಬೆಂಕಿ ಆರಿದ ಮೇಲೂ ಸ್ವಲ್ಪ ಹೊತ್ತು ಹಿಂದಿನ ಸೈಲೆನ್ಸರ್ ಪೈಪು ಕೆಂಪಗೇ ಇತ್ತು.

ಸಿಡುಕ ಈಗಲೂ ಅದನ್ನೇ ನೋಡುತ್ತ ನಿಂತಿದ್ದ. ಮುಂದಿನ ಪೈಪು ಕಪ್ಪಗೆ, ತೆಪ್ಪಗೆ. ಹಿಂದಿನದು ಮಾತ್ರ ಕುಲುಮೆಯಿಂದ ಎಳೆದು ಆರಲು ಬಿಟ್ಟ ಕುಡುಗೋಲಿನ ಹಾಗೆ. ಪಕ್ಕದಲ್ಲಿದ್ದ ಪೆಟ್ರೋಲ್ ಟ್ಯೂಬು ಕರಗಿ ಜೋತಾಡುತ್ತಿತ್ತು. ಸ್ಟ್ಯಾಂಡಿನ ಮೇಲೆ ಎರಡು ಸಿಲಿಂಡರಿನ ಎಂಜಿನ್ ಓಡಿಸಿ ನೋಡುತ್ತಿದ್ದ ಭಾವನನ್ನು ಆಂಬುಲೆನ್ಸ್ ಒಯ್ದಾಗಿತ್ತು. ಎರಡೂ ಕೈ ಮೊಣಕೈವರೆಗೆ ಬೆಂದಿದ್ದವು.

ಇನ್ಸ್‌ಪೆಕ್ಟರ್ ಮೇಡಂ ಗೋಡೆಯ ಕಂಟ್ರೋಲರ್ ಪರದೆ ನೋಡುತ್ತಿದ್ದರು. ಕಿಡಿ ಯಾವಾಗ ಹಾರಬೇಕು ಅಂತ ಎಂಜಿನ್ನಿಗೆ ಹೇಳುವ ಪೆಟ್ಟಿಗೆ ಅದು. ಹೊರಗಿಂದ ತಂದು ಜೋಡಿಸಿದ್ದು.

"ಇಲ್ಲಿ ಮುನ್ನೂರ ಅರವತ್ತು ಅಂತಿದೆ. ಎಷ್ಟಿರಬೇಕು?"

"ಮುನ್ನೂರ ಹದಿನೈದು ಡಿಗ್ರಿ. ಮುಂದಿನ ಸಿಲಿಂಡರಿನ ಕಿಡಿಯಿಂದ ಹಿಂದಿನದರ ಕಿಡಿವರೆಗೆ," ಅಂದ ಸಿಡುಕ.

"ತಾನಾಗಿ ಬದಲಾಗುತ್ತಾ?"

"ಇಲ್ಲ. ಪಾಸ್‌ವರ್ಡ್ ಒತ್ತಬೇಕು."

"ಗೊತ್ತಿರೋದು ಯಾರಿಗೆ?"

ಸಿಡುಕ ಪೆಟ್ಟಿಗೆಯ ಪಕ್ಕ ಬೆರಳು ತೋರಿಸಿದ. ಗೋಡೆಗೆ ಅಂಟಿಸಿದ ಟೇಪಿನ ಮೇಲೆ ನಾಲ್ಕು ಅಂಕಿ. "ಕಣ್ಣಿದ್ದವರಿಗೆಲ್ಲ."

* * *

ಹೆಡ್ ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಹೇಳಿಕೆ ಕೊಟ್ಟರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಸಿಡುಕನ ಕೈಗೆ ಮೊದಲ ಪಾನಾ ಕೊಟ್ಟವರು ಅವರೇ.

"ಎಂಟೂವರೆಗೆ ಶೆಡ್ ಬೀಗ ತೆಗೆದೆ ಮೇಡಂ. ಒಂಬತ್ತಕ್ಕೆ ಎಂಜಿನ್ ಶುರು ಮಾಡಿ ಟೈಮಿಂಗ್ ಲೈಟ್ ಹಿಡಿದೆ. ಕಿಡಿ ಹಾರಿದಾಗಲೆಲ್ಲ ಅದು ಮಿಂಚಿ ಚಕ್ರದ ಮೇಲಿನ ಗೆರೆ ತೋರಿಸುತ್ತೆ. ಒಂದಲ್ಲ, ಎರಡೂ ಸಿಲಿಂಡರಿಗೆ. ಎರಡು ಸಲಾನೂ ಗೆರೆ ಕವಚದ ಕಿಂಡಿ ನಡುವೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಎಲ್ಲ ಸರಿಯಿತ್ತು."

"ಆಮೇಲೆ?"

"ಒಂಬತ್ತೂವರೆಗೆ ಇವನೂ ಇವನ ಭಾವನೂ ಬಂದರು. ನಾನು ಟೀ ಕುಡಿಯೋಕೆ ಹೋದೆ. ಆಮೇಲೆ ಮುಟ್ಟಿದ್ದು ಇವನೇ." ಮೇಸ್ತ್ರಿ ನೆಲ ನೋಡಿದರು. "ನಿನ್ನೆ ಭಾವ ಇವನ ಕೆನ್ನೆಗೆ ಬಾರಿಸಿದ್ದ. ಹೇಳಬಾರದು, ಆದ್ರೂ ಹೇಳ್ತಿದ್ದೀನಿ."

ಬಾರಿಸಿದ್ದು ನಿಜ. ಗಿರಾಕಿಗೆ ಎದುರುತ್ತರ ಕೊಟ್ಟಿದ್ದಕ್ಕೆ.

"ನಾನೂ ಲೈಟ್ ಹಿಡಿದೆ ಮೇಡಂ," ಅಂದ ಸಿಡುಕ. "ಮುಂದಿನದಕ್ಕೆ ಮಾತ್ರ. ನಮ್ಮಲ್ಲಿ ಎಲ್ಲರೂ ಅಷ್ಟೇ ನೋಡೋದು. ಗೆರೆ ಸರಿಯಾಗೇ ಇತ್ತು. ಎಂಜಿನ್ ಸ್ವಲ್ಪ ಒರಟಾಗಿತ್ತು, ತಣ್ಣಗಿದೆ ಅಂದ್ಕೊಂಡೆ."

ಮೇಡಂ ಗಡಿಯಾರ ನೋಡಿದರು. "ಮಧ್ಯಾಹ್ನದೊಳಗೆ ಬೇರೆ ಏನಾದ್ರೂ ತೋರಿಸು. ಇಲ್ಲದಿದ್ರೆ ಜೀಪ್ ಹತ್ತು."

ಜೇಬಿನಲ್ಲಿ ಫೋನ್ ನಡುಗಿತು. ಆಸ್ಪತ್ರೆಯಿಂದ ಅಕ್ಕ, ಭಾವನ ಹೆಂಡತಿ.

"ನೀನಾ ಕಣೋ?" ಅಷ್ಟೇ ಕೇಳಿದಳು.

"ಅಕ್ಕಾ, ಅವನು ನನಗೆ..."

ಫೋನ್ ಕಟ್ಟಾಯಿತು. ಜೈಲು ಬೇಕಾದ್ರೆ ಬರಲಿ. ಆ 'ನೀನಾ' ಅನ್ನೋದನ್ನ ಹೊತ್ತು ಬದುಕೋದು ಹೇಗೆ?

* * *

ಅಂಗಳದಲ್ಲಿ ಲ್ಯಾಪ್‌ಟಾಪ್ ಸಾರ್ ಸಿಕ್ಕಿದರು. ಕಂಟ್ರೋಲರ್ ಜೋಡಿಸಿದ ಎಂಜಿನಿಯರು. ಇಸ್ತ್ರಿ ಶರ್ಟು. ಸಿಡುಕ ನೇರ ಕಾಲರಿಗೇ ಕೈ ಹಾಕಿದ.

"ನಂಬರ್ ಆಟ ಆಡೋನು ನೀನೊಬ್ಬನೇ. ಹೇಳು."

"ಕೈ ತೆಗಿ ಮಾರಾಯ. ನಿನ್ನೆ ಐದಕ್ಕೆ ಮುನ್ನೂರ ಹದಿನೈದು ಹಾಕಿ ಮುಗಿಸಿದೆ. ಆಮೇಲೆ ಒಂದು ಗಂಟೆ ಓಡಿಸಿದೋನು ನೀನೇ. ಪೈಪು ಕೆಂಪಾಯ್ತಾ?"

ಸಿಡುಕನ ಹಿಡಿತ ಸಡಿಲಾಯಿತು. ಆಗಿರಲಿಲ್ಲ. ಎರಡು ಪೈಪೂ ಕಪ್ಪಗೇ ಇದ್ದವು.

"ಬೀಗ ಹಾಕುವಾಗ ನೀನು, ನಾನು, ನಿನ್ನ ಭಾವ ಮೂರೂ ಜನ ಹೊರಗೇ ಇದ್ವಿ. ಕೀ ಮೇಸ್ತ್ರಿ ಹತ್ತಿರ. ನಾನು ಓದಿದೋನು ಅಂತ ನನ್ನ ಮೇಲೆ ಉರ್ಕೊಳ್ಳೋದು ಬಿಟ್ಟು ಲೆಕ್ಕ ಮಾಡು. ಮುನ್ನೂರ ಅರವತ್ತು ಅಂದ್ರೆ ಏನು?"

"ಒಂದು ಪೂರ್ತಿ ಸುತ್ತು."

ಹೇಳಿದವನು ಬಾಯಿ ತೆರೆದೇ ನಿಂತ. ಪೂರ್ತಿ ಸುತ್ತು. ಅಂದ್ರೆ ಗೆರೆ ಹೊರಟ ಜಾಗಕ್ಕೇ ವಾಪಸ್ಸು.

ಅವನು ಓಡಿದ.

* * *

"ಮೇಡಂ, ಟಾರ್ಚ್ ಹಿಡೀರಿ. ಇಲ್ಲಿ, ಈ ಕಿಂಡಿಗೆ."

ಬೆಂಕಿಗೆ ಮಸಿಯಾದ ಎಂಜಿನ್ನಿಗೆ ಪಾನಾ ಹಾಕಿ ಕೈಯಲ್ಲೇ ತಿರುಗಿಸಿದ. ಬೆರಳಗಲದ ಕಿಂಡಿಯಲ್ಲಿ ಫ್ಲೈವೀಲ್ ಚಕ್ರದ ಬಿಳಿ ಗೆರೆ ಬಂದು ನಿಂತಿತು.

"ಇದು ಮುಂದಿನ ಸಿಲಿಂಡರಿನ ಕಿಡಿ. ಇದನ್ನ ನಾವು ಕುಂಟು ಎಂಜಿನ್ ಅಂತೀವಿ. ಸಮ ಹೆಜ್ಜೆ ಹಾಕಲ್ಲ. ಚಕ್ರ ಪೂರ್ತಿ ಸುತ್ತು ಬರೋ ಮೊದಲೇ ಹಿಂದಿನ ಕಿಡಿ ಹಾರಬೇಕು. ನೋಡಿ." ಮತ್ತೆ ತಿರುಗಿಸಿ, ಸುತ್ತು ಮುಗಿಯಲು ಎಂಟನೇ ಒಂದು ಪಾಲು ಬಾಕಿ ಇರುವಾಗ ನಿಲ್ಲಿಸಿದ. "ಹಿಂದಿನ ಕಿಡಿ ಇಲ್ಲಿ. ಗೆರೆ ಎಲ್ಲಿದೆ?"

ಮೇಡಂ ಬಗ್ಗಿದರು. "ಕಾಣ್ತಿಲ್ಲ."

"ಕಾಣೋದೇ ಇಲ್ಲ. ಕವಚದ ಹಿಂದೆ ಅಡಗಿರುತ್ತೆ. ಅದಕ್ಕೇ ಯಾರೂ ಹಿಂದಿನದಕ್ಕೆ ಲೈಟ್ ಹಿಡಿಯಲ್ಲ. ಮೇಸ್ತ್ರಿ ಹಿಡಿದೆ ಅಂದ್ರು. ಗೆರೆ ಮೊಳೆ ಹೊಡೆದ ಹಾಗೆ ನಿಂತಿತ್ತು ಅಂದ್ರು."

ಸಿಡುಕ ಮೇಸ್ತ್ರಿ ಕಡೆ ತಿರುಗಿದ.

"ಹಿಂದಿನ ಕಿಡಿಗೂ ಗೆರೆ ಕಿಂಡಿಗೆ ಬರೋದು ಪೂರ್ತಿ ಸುತ್ತಾದ್ರೆ ಮಾತ್ರ. ಗೆರೆ ಕಂಡಿದ್ದು ನಿಜ ಆದ್ರೆ, ಒಂಬತ್ತಕ್ಕೇ ಅದು ಮುನ್ನೂರ ಅರವತ್ತಾಗಿತ್ತು. ನಾನಿನ್ನೂ ಬಂದಿರಲಿಲ್ಲ. ನಿನ್ನೆ ಸರಿಯಿತ್ತು, ಕೀ ನಿಮ್ಮ ಸೊಂಟದಲ್ಲಿತ್ತು. ಕಂಡಿದ್ದು ಸುಳ್ಳು ಆದ್ರೆ, ನೋಡದೇ ಇದ್ದದ್ದನ್ನ ಪೊಲೀಸರ ಮುಂದೆ ಯಾಕೆ ಹೇಳಿದ್ರಿ? ನನ್ನ ತಲೆಗೆ ಕಟ್ಟೋಕೆ. ಎರಡು ದಾರಿನೂ ನಿಮ್ಮ ಮನೆ ಬಾಗಿಲಿಗೇ ಹೋಗುತ್ತೆ ಮೇಸ್ತ್ರಿ."

ಮೇಸ್ತ್ರಿ ಸೊಂಟದ ಕೀಗೊಂಚಲು ಮುಟ್ಟಿಕೊಂಡರು.

"ಜೀವಮಾನವೆಲ್ಲ ಸಮ ಎಂಜಿನ್ ಮಾಡಿದ್ದು ನಾನು," ಅಂದರು ಮೆಲ್ಲಗೆ. "ಅದರಲ್ಲಿ ಎರಡಕ್ಕೂ ಗೆರೆ ಒಂದೇ ಕಡೆ ನಿಲ್ಲುತ್ತೆ. ಅದೇ ಬಾಯಿಗೆ ಬಂತು."

"ನಂಬರ್ ಬದಲಾಯಿಸಿದ್ದು?" ಮೇಡಂ ಕೇಳಿದರು.

"ಹನ್ನೊಂದಕ್ಕೆ ದೊಡ್ಡ ಗಿರಾಕಿ ಬರೋರಿದ್ರು. ಅವರು ಈ ಪೆಟ್ಟಿಗೆ ಒಪ್ಪಿದ್ರೆ ನಾಳೆಯಿಂದ ಹೆಡ್ ಮೇಸ್ತ್ರಿ ಆ ಲ್ಯಾಪ್‌ಟಾಪಿನೋನು. ಕಿವಿಯಲ್ಲಿ ಕೇಳಿ ಕಾರ್ಬುರೇಟರ್ ಹೊಂದಿಸ್ತಿದ್ದೋನು ನಾನು, ಕಸ ಗುಡಿಸೋದಾ? ಗಿರಾಕಿ ಮುಂದೆ ಕೆಮ್ಮಿ ನಿಲ್ಲಲಿ ಅಂತ ಅಷ್ಟೇ."

"ಕೆಮ್ಮಿ ನಿಲ್ಲಲ್ಲ," ಸಿಡುಕ ಪೈಪಿನ ಕಡೆ ಪಾನಾ ಚಾಚಿದ. "ಕಿಡಿ ತಡವಾದ್ರೆ ಸಿಲಿಂಡರಿನಲ್ಲಿ ಉರಿಯೋದು ಪೈಪಿನಲ್ಲಿ ಉರಿಯುತ್ತೆ. ಭಾವ ಪೂರ್ತಿ ಥ್ರಾಟಲ್ ಕೊಟ್ಟ. ಪೈಪು ಕೆಂಪಾಯ್ತು, ಟ್ಯೂಬು ಕರಗ್ತು."

"ನನಗೆ ಅದು ಗೊತ್ತಿರಲಿಲ್ಲ ಕಣೋ."

"ಕೇಳಬೇಕಿತ್ತು."

* * *

ಜೀಪು ಮೇಸ್ತ್ರಿಯನ್ನು ಹತ್ತಿಸಿಕೊಂಡು ಹೋಯಿತು. ಪೇದೆಯೊಬ್ಬ ಸಿಡುಕನ ಮುಂದೆ ಕಾಗದ ಇಟ್ಟ.

"ಹೇಳಿಕೆ ಬರೀತೀಯಾ, ನಾನು ಬರ್ಕೊಳ್ಳಲಾ?"

"ನಾನೇ ಬರೀತೀನಿ."

ಗ್ರೀಸ್ ಮೆತ್ತಿದ ಬೆರಳು. ಒಂದೊಂದೇ ಅಕ್ಷರ. ಕೊನೆಯ ಸಾಲಿಗೆ ಪೆನ್ನು ನಿಂತಿತು. ಆರೋಪಿಗೂ ನಿಮಗೂ ಇರುವ ಸಂಬಂಧ.

ಮೊದಲು 'ಏನೂ ಇಲ್ಲ' ಅಂತ ಬರೆದ. ಹಲ್ಲು ಕಚ್ಚಿ ಹೊಡೆದುಹಾಕಿದ. 'ಕೆಲಸ ಕಲಿಸಿದವರು' ಅಂತ ಬರೆದ. ಒತ್ತಿದ್ದಕ್ಕೆ ಕಾಗದ ತೂತಾಯಿತು.

ಪೇದೆ ಬೇರೆ ಹಾಳೆ ಕೊಡಲು ಬಂದ. ಸಿಡುಕ ಅದೇ ಹಾಳೆಗೆ ಸಹಿ ಹಾಕಿ, ಆಸ್ಪತ್ರೆ ಕಡೆ ಹೊರಟ.