ಯಾರ ಚಿಟಿಕೆ?

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಮಾತು ಬರ್ತಿದ್ದ ಕಾಲದಲ್ಲಿ, ನೇಸರದುರ್ಗ ಅಂತ ಒಂದು ರಾಜ್ಯ ಇತ್ತು. ಅಲ್ಲಿನ ವೈದ್ಯಶಾಲೆಯಿಂದ ದ್ಯಾವಿ ಅನ್ನೋ ಹುಡುಗೀನ ಆಚೆ ಹಾಕಿದ್ರು. ಅವಳ ತಪ್ಪು ಒಂದೇ. ಮುಖ್ಯ ಪಂಡಿತ್ರು 'ಯಾವ ಮದ್ದಾದ್ರೂ ಒಂದು ಚಿಟಿಕೆ ಕೊಡಿ' ಅಂತ ಪಾಠ ಹೇಳ್ತಿದ್ದಾಗ, ಅವರ ಬಾಳೆಹಣ್ಣಿನಂಥ ಬೆರಳು ನೋಡಿ, "ಯಾರ ಚಿಟಿಕೆ, ಪಂಡಿತ್ರೇ?" ಅಂತ ಕೇಳಿದ್ಲು.

ಅದೇ ವಾರ ಮಾಂತ್ರಿಕ ಜಂಬುಕಾಕ್ಷ ರಾಣಿ ಮೇಲೆ ಮಂಜಿನ ಹೊಗೆ ಊದಿದ. ರಾಣಿಯ ಎದೆಬಡಿತ ನಿಧಾನ ಆಗ್ತಾ ಬಂತು. ಮೂರು ದಿನಕ್ಕೆ ನಿಂತೇ ಹೋಗುತ್ತೆ. ಮದ್ದು ಅಂದ್ರೆ ಮಾಂತ್ರಿಕನ ತೋಟದ ನೀಲಿಬೇರು ಒಂದೇ.

"ಅದು ವಿಷ," ಅಂದ್ರು ಪಂಡಿತ್ರು.

"ಎಷ್ಟು ತಿಂದ್ರೆ?" ಅಂದ್ಲು ಬಾಗಿಲಾಚೆ ನಿಂತಿದ್ದ ದ್ಯಾವಿ.

ಪುಟ್ಟ ತಕ್ಕಡಿ, ತೂಕಕ್ಕೆ ಒಂದು ಹಿಡಿ ಗುಲಗಂಜಿ ಬೀಜ, ಒಂದು ಚೀಲ ನಿದ್ದೆಪುಡಿ ಸೊಂಟಕ್ಕೆ ಕಟ್ಕೊಂಡು ಅವಳೇ ಹೊರಟ್ಲು.

ಮಾಂತ್ರಿಕನ ತೋಟದ ಮೊದಲ ಬಾಗಿಲಲ್ಲಿ ರಾಕ್ಷಸ. "ನಿಮ್ಮ ಪಂಡಿತ ನಿದ್ದೆಪುಡಿ ಒಂದು ಚಿಟಿಕೆ ಕೊಟ್ಟಿದ್ದ, ಆಕಳಿಕೆನೂ ಬರ್ಲಿಲ್ಲ. ನೀನೂ ಕೊಡು, ನೋಡೋಣ."

"ನಲವತ್ತು ಜನರಷ್ಟು ಇದ್ದೀಯ ಮಾರಾಯ," ಅಂತ ನಲವತ್ತು ಜನರ ಪಾಲು ತೂಗಿ ಕೊಟ್ಲು. ಬೆಟ್ಟ ಉರುಳಿದಂಗೆ ಉರುಳಿದ.

ಎರಡನೇ ಬಾಗಿಲಲ್ಲಿ ಬೆಂಕಿ ಉಗುಳೋ ಗುಬ್ಬಚ್ಚಿ. ಅದಕ್ಕೆ ಅದೇ ಪುಡಿ, ಸಾಸಿವೆ ಚೂರಷ್ಟು, ಅನ್ನದಗುಳಿಗೆ ಅಂಟಿಸಿ ಇಟ್ಲು. ಮಲಗ್ತು. ಉಸಿರಾಡ್ತಿದ್ಯಾ ಅಂತ ಬಗ್ಗಿ ನೋಡೇ ಮುಂದೆ ಹೋದ್ಲು.

ಮೂರನೇದರಲ್ಲಿ ಜಂಬುಕಾಕ್ಷನೇ ನಿಂತಿದ್ದ. "ದಿನಾ ಒಂದು ಗುಲಗಂಜಿ ತೂಕ ನೀಲಿಬೇರು ತಿನ್ತೀನಿ ಕಣೇ. ನಂಗೇನೂ ಆಗಲ್ಲ."

"ಒಂದೇನಾ? ನಮ್ಮಜ್ಜಿ ಎಲೆಅಡಿಕೆಗೇ ಅಷ್ಟು ಹಾಕ್ಕೋತಾಳೆ."

ಮಾಂತ್ರಿಕನ ಮೀಸೆ ನೆಟ್ಟಗಾಯ್ತು. ಒಂದು ಬುಟ್ಟಿ ಬೇರು ಅಗಿದು ನುಂಗಿದ. ಒಂದಕ್ಕೆ ಒಗ್ಗಿದ ಮೈ ಬುಟ್ಟಿಗೆ ಒಗ್ಗುತ್ತಾ? ಕಿವಿಯಲ್ಲಿ ನೀಲಿ ಹೊಗೆ ಬಂತು, ಆಮೇಲೆ ಬರೀ ಹೊಗೆ ಉಳೀತು.

ದ್ಯಾವಿ ಬೇರು ತಂದಾಗ ರಾಣಿಯ ಎದೆ ನೂರು ಎಣಿಸೋ ಹೊತ್ತಿಗೆ ಒಂದ್ಸಲ ಬಡೀತಿತ್ತು.

"ಮಾಂತ್ರಿಕ ದಿನಾ ಒಂದು ಗುಲಗಂಜಿ ತಿಂತಿದ್ದ ಅಂದ್ಯಲ್ಲ, ಅಷ್ಟೇ ಕೊಡು," ಅಂದ್ರು ಪಂಡಿತ್ರು.

"ಅವನ ಮೈ ಪಳಗಿತ್ತು. ಇದು ಹೊಸ ಮೈ." ಗುಲಗಂಜಿ ತೂಕದ ಬೇರನ್ನ ನಾಲ್ಕು ಭಾಗ ಮಾಡಿ, ಒಂದು ಕೊಟ್ಟು, ನಾಡಿ ಹಿಡಿದು ಕೂತ್ಲು. ಏನೂ ಆಗ್ಲಿಲ್ಲ. ಪಂಡಿತ್ರ ಬೆರಳು ಬೇರಿನ ಡಬ್ಬಿಗೆ ಹೋಯ್ತು.

"ಕೈ ಕೆಳಗಿಡಿ," ಅಂದ್ಲು. ಕಾದ್ಲು. ಇನ್ನೊಂದು ಭಾಗ ಕೊಟ್ಲು. ನಾಡಿ ಕುದುರೆ ಥರ ಎದ್ದು ನಿಂತ್ಕೊಳ್ತು. ರಾಣಿ ಕಣ್ಣು ಬಿಟ್ಟು, "ಹಸಿವು," ಅಂದ್ಲು.

"ಏನು ಬೇಕೋ ಕೇಳು ಮಗಳೇ," ಅಂದ ರಾಜ.

"ನನ್ನ ಹಳೇ ಪ್ರಶ್ನೆಗೆ ಉತ್ತರ."

ತುಂಬಿದ ಸಭೆಯಲ್ಲಿ ಪಂಡಿತ್ರು ತಮ್ಮ ಬೆರಳು ನೋಡ್ಕೊಂಡ್ರು. "ಯಾರ ಚಿಟಿಕೆನೂ ಅಲ್ಲ ತಾಯಿ. ತಕ್ಕಡಿ."

ಅವತ್ತಿಂದ ವೈದ್ಯಶಾಲೆ ಬಾಗಿಲಿಗೆ ದ್ಯಾವಿಯ ತಕ್ಕಡಿ ನೇತಾಕಿದ್ರು. ಎದ್ದ ರಾಕ್ಷಸ ಅದಕ್ಕೆ ಕಾವಲು ನಿಂತ, ಗುಬ್ಬಚ್ಚಿ ಕಷಾಯದ ಒಲೆ ಹಚ್ತು. ನೇಸರದುರ್ಗದವರು ಎದೆ ಉಬ್ಬಿಸ್ಕೊಂಡು, ಅಳತೆ ಮೀರದೆ, ಸುಖವಾಗಿ ಬಾಳಿದ್ರು.