ಹಗಲುಚುಕ್ಕಿಯ ತಗ್ಗು

ಮರಗಳನ್ನೂ ಹೆಸರಿಟ್ಟು ಕರೆಯುತ್ತಿದ್ದ ಕಾಲದಲ್ಲಿ ತಾರಾವಳಿ ಎಂಬ ರಾಜ್ಯವಿತ್ತು. ಅಲ್ಲಿನ ಕಾಡಿನ ಒಂದೇ ಒಂದು ತಗ್ಗಿನಲ್ಲಿ ಹಗಲುಚುಕ್ಕಿ ಎಂಬ ಬಿಳಿ ಹೂ ಅರಳುತ್ತಿತ್ತು. ವಸಂತದಲ್ಲಿ, ಮರಗಳು ಎಲೆ ಉದುರಿಸಿ ಇನ್ನೂ ಚಿಗುರದಿದ್ದಾಗ, ನೆಲಕ್ಕೆ ಬಿಸಿಲು ಬೀಳುವ ಏಳೇ ದಿನ ಅದರ ಬಾಳು. ಜೇನು ಕೀಳುವ ಬೊಮ್ಮಕ್ಕ ಆ ತಗ್ಗನ್ನು ಕಾಯುತ್ತಿದ್ದಳು.

ಧೂಮಾಂಗನೆಂಬ ಮಾಂತ್ರಿಕನ ಕಣ್ಣು ಆ ಹೂವಿನ ಗೆಡ್ಡೆಗಳ ಮೇಲೆ ಬಿತ್ತು. ಅಷ್ಟನ್ನೂ ಸುಟ್ಟು ಹೊಗೆ ಕುಡಿದರೆ ಅವನಿಗೆ ಸಾವಿಲ್ಲ. ನಿಮಗೂ ಸಾವು ಬಾರದಂತೆ ಮಾಡುತ್ತೇನೆಂದು ಅರಸ ಕೀರ್ತಿಧರನನ್ನು ನಂಬಿಸಿ, ಬೇರುಗಳ ನಡುವಿನ ಒಂದು ಗೆಡ್ಡೆಯನ್ನೂ ಬಿಡದೆ ಅಗೆಯಲೆಂದು ಕಾಡು ಕಡಿಯಲು ಕೊಡಲಿಯವರನ್ನು ಕರೆತಂದ.

ಬೊಮ್ಮಕ್ಕ ಹೂಗಳ ನಡುವೆ ಹೋಗಿ ನಿಂತಳು. ತಾನು ಕದಲುವುದಿಲ್ಲ ಎಂದಳು. ಮಾಂತ್ರಿಕ ನಕ್ಕ. ಮೂರು ದಿನದೊಳಗೆ ಇವಳನ್ನು ಕದಲಿಸದಿದ್ದರೆ ನಾನೂ ನನ್ನ ಮಾಯೆಯೂ ಮಣ್ಣಾಗಲಿ ಎಂದು ಎಲ್ಲರೆದುರು ಆಣೆಯಿಟ್ಟ.

ಮೊದಲ ದಿನ ಹೊಗೆಯಿಂದ ಹುಲಿ ಮಾಡಿ ಬಿಟ್ಟ. ಹುಲಿ ಅವಳ ಭುಜ ಸೀಳಿತು. ನೋವಿಗೆ ಕಣ್ಣು ಕತ್ತಲಿಟ್ಟರೂ ಬೊಮ್ಮಕ್ಕ ಅದನ್ನು ದಿಟ್ಟಿಸುತ್ತ ನಿಂತಳು. ಗಾಳಿ ಬೀಸಿ ಹುಲಿ ಚದುರಿಹೋಯಿತು. ಅವಳು ಕದಲಲಿಲ್ಲ.

ಎರಡನೆಯ ದಿನ ಮಾಂತ್ರಿಕ, ತೀರಿಹೋದ ಅವಳ ತಾಯಿಯ ದನಿಯಲ್ಲಿ ಹಳ್ಳದಾಚೆಯಿಂದ ಕರೆದ. ಬೊಮ್ಮಕ್ಕ ಬಿಕ್ಕಿ ಬಿಕ್ಕಿ ಅತ್ತಳು.

"ಅವ್ವಾ, ನೀನು ನಿಜವಾಗಿದ್ದರೆ ನೀನೇ ಇಲ್ಲಿಗೆ ಬರುತ್ತಿದ್ದೆ," ಎಂದಳು. ಕದಲಲಿಲ್ಲ.

ಮೂರನೆಯ ದಿನ ಅರಸನೇ ಬಂದು, ಕತ್ತಿ ಹಿರಿದು ಅವಳ ಕೊರಳಿಗಿಟ್ಟು, ದಾರಿ ಬಿಡು ಎಂದ.

"ಬಿಡುವುದಿಲ್ಲ, ದೊರೆಯೇ. ಮೊದಲು ನನ್ನನ್ನು ಕಡಿಯಿರಿ. ಈ ಮರಗಳು, ಈ ಕೊಳೆತ ಎಲೆ, ಬೀಜ ಹೊರುವ ಈ ಇರುವೆ ಹೋದರೆ ಹೂವೂ ಹೋಯಿತು. ಸಾವಿರ ವರ್ಷ ಬದುಕಿದರೂ ನೀವು ಅದನ್ನು ಮತ್ತೆ ತರಲಾರಿರಿ."

ಅವಳು ಕಣ್ಣು ಮುಚ್ಚಲಿಲ್ಲ. ಆಗ ಕೊಡಲಿಯವರಲ್ಲಿ ಹಿರಿಯನಾದ ಮಾಚಯ್ಯ ಕೊಡಲಿ ಕೆಳಗಿಟ್ಟ. ಹೂ ತುಳಿಯದಂತೆ ಹೆಜ್ಜೆಯಿಟ್ಟು ಬಂದು ಅವಳ ಪಕ್ಕದಲ್ಲಿ ನಿಂತ. ಒಬ್ಬೊಬ್ಬರಾಗಿ ಉಳಿದವರೂ ಬಂದರು. ಅರಸ ಅವರನ್ನೆಲ್ಲ ನೋಡಿದ. ಕತ್ತಿ ಇಳಿಸಿ ಹಿಂದೆ ಸರಿದ.

ಹೊತ್ತು ಮುಳುಗಿತು. ಧೂಮಾಂಗ ತಾನಿಟ್ಟ ಆಣೆಯಂತೆ ನಿಂತಲ್ಲೇ ಮಣ್ಣಾಗಿ ಉದುರಿದ.

ಬೊಮ್ಮಕ್ಕನ ಗಾಯ ಮಾಯಿತು. ಕೀರ್ತಿಧರ ಎಲ್ಲರಂತೆ ಮುದುಕನಾಗಿ, ತನ್ನ ಕಾಲ ಬಂದಾಗ ನೆಮ್ಮದಿಯಿಂದ ಕಣ್ಮುಚ್ಚಿದ. ತಾರಾವಳಿಯ ಜನ ಬಹುಕಾಲ ಸುಖವಾಗಿ ಬಾಳಿದರು, ಅರಸನ ಎದುರಲ್ಲೂ ಆಗುವುದಿಲ್ಲ ಎನ್ನಲು ಹೆದರದೆ.